ದೊಡ್ಡಮ್ಮನ ಕೇದಾರಕ್ಕೆ ಅಮ್ಮನ ನೀಲಿ ಕೆರೆ

ನಮ್ಮ ದೊಡ್ಡಮ್ಮ ಕೇದಾರಕ್ಕೆ ಹೋಗಿಬಂದ ಮೇಲೆ ನಮ್ಮ ವಂಶದಲ್ಲಿ ಯಾರಿಗೂ ಸುಸ್ತಾಗುವ ಹಕ್ಕೇ ಇಲ್ಲದಂತಾಯಿತು. ಮೈಸೂರಿನಲ್ಲಿ ನಮ್ಮಮ್ಮ ಎರಡು ಕೈಯಲ್ಲೂ ತರಕಾರಿ ಚೀಲ ಹಿಡಿದು ಮಾರ್ಕೆಟ್ಟಿನಿಂದ ಬಂದು ಉಸ್ಸಪ್ಪಾ ಎಂದು ಜಗಲಿಯ ಮೇಲೆ ಕೂತರೆ ಸಾಕು, "ನಾವು ಕೇದಾರಕ್ಕೆ ಹೋದಾಗ" ಎಂದು ದೊಡ್ಡಮ್ಮನ ಹರಿಕಥೆ ಶುರುವಾಗುತ್ತಿತ್ತು. ನೆಗಡಿಯಾದರೆ ಕೇದಾರದ ಚಳಿ, ನಲ್ಲಿ ನಿಂತರೆ ಕೇದಾರದ ನೀರು, ಅನ್ನ ಮುದ್ದೆಯಾದರೆ ಕೇದಾರದ ದಾರಿಯಲ್ಲಿ ತಿಂದ ಅನ್ನ. ಎಲ್ಲ ಕಥೆಯ ಕೊನೆಗೂ ಒಂದೇ ಮಂಗಳಾರತಿ: "ನಡ್ಕೊಂಡೇ ಹೋದ್ವಿ. ಕುದುರೆ ಗಿದುರೆ ಏನೂ ಇಲ್ಲ."

ದೊಡ್ಡಮ್ಮ ಅಮ್ಮನ ಓರಗಿತ್ತಿ, ನಮ್ಮ ದೊಡ್ಡಪ್ಪನ ಹೆಂಡತಿ. ಎದುರುಬದುರು ಮನೆ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಕಾಫಿ ಇಳಿಯುತ್ತಿರಲಿಲ್ಲ. ಆದರೂ ಆ ಕೇದಾರ ಅಮ್ಮನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಹಾಕಿಕೊಂಡಿತ್ತು. ಅಮ್ಮ ಜನ್ಮದಲ್ಲಿ ಕಂಡ ಬೆಟ್ಟಗಳೆಂದರೆ ಚಾಮುಂಡಿ ಮತ್ತು ತಿರುಪತಿ, ಅದರಲ್ಲಿ ತಿರುಪತಿಗೆ ಹೋದದ್ದು ಬಸ್ಸಿನಲ್ಲಿ. ಬಸ್ಸಿನವರು ಕೇದಾರದವರ ಎದುರು ಏನೆಂದು ಬಾಯಿ ಬಿಟ್ಟಾರು?

ತೊಂಬತ್ತರ ದಶಕದ ಶುರುವಿನಲ್ಲಿ ಅಮ್ಮ ಆಸ್ಟ್ರೇಲಿಯಾಕ್ಕೆ ಬಂದಳು. ನಾವಿದ್ದದ್ದು ಸಿಡ್ನಿಯ ಟೂಂಗಾಬಿಯಲ್ಲಿ, ನನ್ನ ಅಕ್ಕ ಮೆಲ್ಬರ್ನಿನ ವೆರಿಬೀಯಲ್ಲಿ. ವೀಸಾದ ಅರ್ಧ ನನಗೆ, ಅರ್ಧ ಅಕ್ಕನಿಗೆ ಎಂದು ಒಪ್ಪಂದವಾಗಿತ್ತು. ನನ್ನ ಪಾಲು ಮುಗಿಯುವ ಹೊತ್ತಿಗೆ ಅಕ್ಕ ಫೋನ್ ಮಾಡಿ, ಅಮ್ಮನನ್ನು ಒಬ್ಬಳನ್ನೇ ವಿಮಾನ ಹತ್ತಿಸಬೇಡ, ನಡುದಾರಿಯಲ್ಲಿ ಸೇರೋಣ, ನೀನು ಅಲ್ಲಿಯವರೆಗೆ ತಂದುಬಿಡು, ನಾನು ಅಲ್ಲಿಂದ ಕರೆದುಕೊಂಡು ಹೋಗುತ್ತೇನೆ ಎಂದಳು. ತಂದುಬಿಡು ಎನ್ನುವುದಕ್ಕೆ ಅಮ್ಮನೇನು ಇಡ್ಲಿ ಪಾತ್ರೆಯೇ ಎಂದು ನಾನು ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಕ್ಕನಿಗೆ ಅಷ್ಟು ದೂರವೂ ಇಲ್ಲ.

ನಡುದಾರಿ ಎಂದರೆ ಹೆದ್ದಾರಿಯ ಯಾವುದಾದರೂ ಊರಿನಲ್ಲಿ ಕಾಫಿ ಕುಡಿದು ಮುಗಿಸಬಹುದಿತ್ತು. ಆದರೆ ನನ್ನ ಭಾವ, ಅಂದರೆ ಅಕ್ಕನ ಗಂಡ, ಉಡುಪಿ ಕಡೆಯವರು. ವೃತ್ತಿಯಲ್ಲಿ ಡಾಕ್ಟರು, ಸ್ವಭಾವದಲ್ಲಿ ಸ್ಕೌಟ್ ಮೇಷ್ಟ್ರು. ಕಾಲೇಜಿನಲ್ಲಿದ್ದಾಗ ಒಮ್ಮೆ ಕೊಡಚಾದ್ರಿ ಹತ್ತಿದ ಪುಣ್ಯಕ್ಕೆ ಜಗತ್ತಿನ ಪರ್ವತಗಳೆಲ್ಲ ತಮ್ಮ ಸುಪರ್ದಿಯಲ್ಲಿವೆ ಎಂದು ತಿಳಿದವರು. ಅವರು ನಕ್ಷೆ ಹರಡಿಕೊಂಡು ಫೋನಿನಲ್ಲೇ ತೀರ್ಪು ಕೊಟ್ಟರು. ಜನವರಿಯಲ್ಲಿ, ಅಂದರೆ ಇಲ್ಲಿಯ ಬೇಸಿಗೆಯ ಸ್ಕೂಲ್ ರಜೆಯಲ್ಲಿ, ಜಿಂಡಬೈನ್ ಎಂಬ ಊರಿನಲ್ಲಿ ಎರಡು ಸಂಸಾರವೂ ಸೇರುವುದು, ಅಲ್ಲಿಂದ ಮೇಲೆ ಹೋಗಿ, ಹಿಮದ ಬೆಟ್ಟಗಳ ನಡುವೆ ಇರುವ ಬ್ಲೂ ಲೇಕ್ ಎಂಬ ಕೆರೆ ನೋಡಿಕೊಂಡು ಬರುವುದು, ಆಮೇಲೆ ಅಮ್ಮನ ಹಸ್ತಾಂತರ.

ಅಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ಕೆರೆ ಎಂದೊಡನೆ ಎದ್ದುಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ನಡ್ಕೊಂಡು ಹೋಗ್ಬೇಕಾ?" ಎಂದು ಕೇಳಿದಳು.

"ಹೌದತ್ತೆ, ನಡ್ದೇ ಹೋಗ್ಬೇಕು. ಬೇರೆ ದಾರಿ ಇಲ್ಲ."

"ಕುದುರೆ?"

"ಕುದುರೆ ಎಂತದೂ ಇಲ್ಲ."

ಅಮ್ಮನ ಮುಖ ದೀಪ ಹಚ್ಚಿದ ಹಾಗಾಯಿತು. ಫೋನಿಟ್ಟು ಹುರುಳಿಕಾಯಿಯ ಹತ್ತಿರ ಹೋಗಿ ಕೂತು, ಯಾರಿಗೂ ಅಲ್ಲದ ಹಾಗೆ, "ಹಿಮ ಮುಟ್ಟಬೇಕು, ಕೆರೇಲಿ ಮೂರು ಮುಳುಗು ಹಾಕಬೇಕು, ನಡ್ಕೊಂಡೇ ಹೋಗಬೇಕು. ಆಮೇಲೆ ಅವಳು ಕೇದಾರ ಅನ್ನಲಿ, ನೋಡ್ಕೋತೀನಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತಿಲ್ಲ.

ತಾಲೀಮು ಶುರುವಾಯಿತು. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಿರುಗು ಕಂಬ ಒಂದಿತ್ತು, ಈ ದೇಶದಲ್ಲಿ ಎಲ್ಲರ ಹಿತ್ತಲಲ್ಲೂ ಇರುವಂಥದು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ, ವಿಷ್ಣು ಸಹಸ್ರನಾಮ ಹೇಳುತ್ತ ಅದಕ್ಕೆ ಪ್ರದಕ್ಷಿಣೆ ಬರುತ್ತಿದ್ದಳು. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ನೋಡಿ ನೋಡಿ ಕೊನೆಗೆ ನನ್ನನ್ನು ಕರೆದು, ನಿಮ್ಮ ದೇವರು ಆ ಕಂಬದಲ್ಲಿದ್ದಾನೆಯೇ, ನಮ್ಮದೂ ಅಂಥದ್ದೇ ಕಂಬ, ನಾವೇನಾದರೂ ಗೌರವ ತೋರಿಸಬೇಕೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದ.

ಬೆಳಿಗ್ಗೆಯ ಇನ್ನೊಂದು ಪ್ರಹಸನ ನನ್ನ ಗಂಡನದು. ಅವರು ಬೆಂಗಳೂರಿನವರು, ನಾರ್ತ್ ಸಿಡ್ನಿಯಲ್ಲಿ ಇಂಜಿನಿಯರ್. ಟ್ರೈನ್ ಹಿಡಿಯುವ ಗಡಿಬಿಡಿಯಲ್ಲಿ ಬಾಗಿಲಲ್ಲಿ ನಿಂತು "ಅತ್ತೇ, ಹೋಗ್ತೀನಿ" ಎಂದು ಕೂಗುವರು. ಅಮ್ಮ ಹಿತ್ತಲಿಂದಲೇ, "ಹೋಗ್ತೀನಿ ಅನ್ಬಾರದು, ಬರ್ತೀನಿ ಅನ್ನಿ" ಎನ್ನುವಳು. ಗೇಟಿನವರೆಗೆ ಹೋದವರು ವಾಪಸ್ ಬಂದು, ಹೊಸ್ತಿಲ ಹೊರಗೆ ನಿಂತು, "ಬರ್ತೀನಿ ಅತ್ತೆ" ಎಂದು ಮತ್ತೆ ಹೋಗಬೇಕು. ಎಷ್ಟೋ ದಿನ ಇದರಿಂದಲೇ ಟ್ರೈನ್ ತಪ್ಪಿತು. ಮಗಳು ಇದನ್ನೆಲ್ಲ ಹಾಲಿಗೆ ಹಾಕಿದ ಕಾರ್ನ್‌ಫ್ಲೇಕ್ಸ್ ತಿನ್ನುತ್ತ ನೋಡುತ್ತಿದ್ದಳು. ಎಂಟು ವರ್ಷದ ಹುಡುಗಿ, ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು ಎಂದು ನಾವು ತಿಳಿದಿದ್ದೆವು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅಜ್ಜಿಗಾದರೆ ಜೊತೆಗೆ ಕೈಸನ್ನೆ.

ಜಿಂಡಬೈನ್ ಸೇರಿದ ಸಂಜೆಯೇ ಅಕ್ಕ ಅಮ್ಮನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಏನೇ ಇದು, ಅಮ್ಮ ಎಷ್ಟು ಇಳಿದುಹೋಗಿದಾಳೆ" ಎಂದು ನನ್ನನ್ನು ಕೇಳಿದಳು. ಅಮ್ಮ ನನ್ನ ಮನೆಯಲ್ಲಿ ಇಳಿದಿರಲಿಲ್ಲ, ಏರಿದ್ದಳು. ರವಿಕೆಗಳ ಹೊಲಿಗೆ ನಾನೇ ಬಿಚ್ಚಿ ಅಗಲ ಮಾಡಿದ್ದೆ. ಆದರೂ ಅಕ್ಕ ಇಳಿದಿದ್ದಾಳೆ ಎಂದರೆ ಇಳಿದಿದ್ದಾಳೆ. ಅಲ್ಲಿಗೆ ನಮ್ಮಿಬ್ಬರ ಯುದ್ಧಕ್ಕೆ ಶಂಖ ಊದಿದಂತಾಯಿತು.

ಮರುದಿನ ಬೆಳಿಗ್ಗೆ ಕಾರಿನ ಪ್ರಯಾಣ ಷಾರ್ಲಟ್ ಪಾಸ್ ಎಂಬಲ್ಲಿಗೆ ಮುಗಿಯಿತು. ರಸ್ತೆಯೇ ಅಲ್ಲಿಗೆ ಮುಗಿಯುತ್ತದೆ. ಸೊಟ್ಟಂಬಟ್ಟ ಬೆಳೆದ ಸ್ನೋ ಗಮ್ ಮರಗಳು, ಅವುಗಳ ಆಚೆ ಇಡೀ ಬೆಟ್ಟಸಾಲು ಬೋಳು ತಲೆ ಬಿಸಿಲಿಗೊಡ್ಡಿ ಮಲಗಿತ್ತು. ದೂರದ ಇಳಿಜಾರುಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ತೇಪೆ. ಬೇಸಿಗೆಯಲ್ಲೂ ಕರಗದೆ ಉಳಿದ ಹಿಮ. ಭಾವ ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ದಾರಿ ವಿವರಿಸಿದರು. ಮೊದಲು ಕೆಳಗೆ ಸ್ನೋಯಿ ನದಿಗೆ ಇಳಿಯಬೇಕು, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬೇಕು, ಆಮೇಲೆ ಎದುರಿನ ಬೆಟ್ಟ ಹತ್ತಬೇಕು, ಒಂದು ಕವಲು ಸಿಗುತ್ತದೆ, ಅಲ್ಲಿ ಬಲಕ್ಕೆ ಹೋದರೆ ಕೆರೆ ಕಾಣುವ ಜಾಗ.

"ಬೆಟ್ಟ ಹತ್ತೋಕೆ ಮೊದಲು ಇಳೀಬೇಕಾ?" ಎಂದಳು ಅಮ್ಮ. ಹಾಗಾದರೆ ವಾಪಸ್ ಬರುವಾಗ ಇದನ್ನೇ ಹತ್ತಬೇಕಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ, ಭಾವನವರನ್ನೂ ಸೇರಿಸಿ.

ನಮ್ಮ ದಂಡಯಾತ್ರೆ ಹೊರಟಿತು. ಎದುರಿಗೆ ಬರುವ ಆಸ್ಟ್ರೇಲಿಯನ್ನರು ಚಡ್ಡಿ, ಬನಿಯನ್ನು, ಒಂದು ನೀರಿನ ಬಾಟಲಿ, ಇಷ್ಟರಲ್ಲಿ ಜಿಗಿಯುತ್ತ ಹೋಗುತ್ತಿದ್ದರು. ನಮ್ಮ ಬಳಿ ಪುಳಿಯೋಗರೆ, ಮೊಸರನ್ನ, ಚಕ್ಕುಲಿ, ಜಮಖಾನ, ಎರಡು ಛತ್ರಿ, ಒಂದು ಫ್ಲಾಸ್ಕ್ ಕಾಫಿ. ನನ್ನ ಗಂಡ ಅಂಗಡಿಯವನ ಮಾತು ಕೇಳಿ, ಹಿಮಾಲಯಕ್ಕೇ ಸಾಲುವಂಥ ಹೊಸ ಬೂಟು ಕೊಂಡಿದ್ದರು. ನದಿ ಮುಟ್ಟುವ ಮೊದಲೇ ಎರಡು ಹಿಮ್ಮಡಿಯಲ್ಲೂ ಬೊಬ್ಬೆ ಎದ್ದು, ಬಿಸಿ ಕಾವಲಿಯ ಮೇಲೆ ಕಾಲಿಟ್ಟವರ ಹಾಗೆ ನಡೆಯುತ್ತಿದ್ದರು. ಅಮ್ಮ ಮಾತ್ರ ಎಲ್ಲರಿಗಿಂತ ಮುಂದೆ. ಕೈಯಲ್ಲಿ ಮೈಸೂರಿನಿಂದ ತಂದ ತಾಮ್ರದ ಚೊಂಬು, ತೀರ್ಥಸ್ನಾನಕ್ಕೆ. ನದಿಯ ಕಲ್ಲುಗಳನ್ನು ಅಂಗಳದ ರಂಗೋಲಿ ತುಳಿಯದೆ ದಾಟುವವಳ ಹಾಗೆ ದಾಟಿ, ಆಚೆ ದಡದಿಂದ ನಮ್ಮನ್ನು ಕರೆದಳು. ನನ್ನ ಗಂಡ ಮೂರನೆಯ ಕಲ್ಲಿನಿಂದ ಜಾರಿ ಮೊಣಕಾಲುದ್ದ ನೀರಿಗೆ ಬಿದ್ದರು. ಬೊಬ್ಬೆಗೆ ತಂಪಾಯಿತು ಎಂದು ತಾವೇ ಸಮಾಧಾನ ಹೇಳಿಕೊಂಡರು.

ಎದುರಿನ ಏರು ನಿಜಕ್ಕೂ ಏರು. ಮರವಿಲ್ಲ, ನೆರಳಿಲ್ಲ. ಕಚ್ಚುವ ದಪ್ಪ ನೊಣಗಳು ಬೇರೆ, ಸೀರೆಯ ಮೇಲೂ ಕೂತು ಕಚ್ಚುತ್ತಿದ್ದವು. ಅರ್ಧ ಏರಿಗೆ ಅಮ್ಮನ ಸಹಸ್ರನಾಮ ನಿಂತುಹೋಯಿತು. ಇನ್ನಷ್ಟು ಏರಿದ ಮೇಲೆ ಅವಳು ಒಂದು ಕೈ ಮಂಡಿಯ ಮೇಲಿಟ್ಟು, ಒಂದೊಂದೇ ಹೆಜ್ಜೆಗೆ ಮಂಡಿಯನ್ನು ಒತ್ತಿ ಒತ್ತಿ ಹತ್ತತೊಡಗಿದಳು. ಅಕ್ಕ ಅದನ್ನು ನೋಡಿದಳು. ಅಕ್ಕ ನೋಡಿದ್ದನ್ನು ನಾನು ನೋಡಿದೆ.

ಕವಲು ಬಂತು. ಅಲ್ಲಿ ಒಂದು ದೊಡ್ಡ ಬಂಡೆ. ಅದರ ಆಚೆ ಮಗ್ಗುಲಲ್ಲಿ ಗಾಳಿ ಬೀಸುವುದಿಲ್ಲವೆಂದು ಅಮ್ಮನನ್ನೂ ಮಗಳನ್ನೂ ಅಲ್ಲಿ ಕೂರಿಸಿ, ನಾವು ನಾಲ್ವರು ಈಚೆ ಮಗ್ಗುಲಲ್ಲಿ ಸಭೆ ಸೇರಿದೆವು. ಪಶ್ಚಿಮದಲ್ಲಿ ಒಂದಿಷ್ಟು ಮೋಡ ಎದ್ದಿತ್ತು. ಭಾವ ಅದಕ್ಕೆ ಬೆರಳು ತೋರಿಸಿ, "ಇಲ್ಲಿ ಮಳೆ ಹೇಳಿ ಕೇಳಿ ಬರುದಿಲ್ಲ ಮಾರಾಯ್ತಿ. ಅತ್ತೆಯ ಮಂಡಿಗೆ ಇಷ್ಟೇ ಸಾಕು. ಹಿಂದೆ ಹೋಗುವ" ಎಂದರು. ನನ್ನ ಗಂಡ ಬೂಟು ಕಳಚಿ ಕೂತಿದ್ದವರು ಎರಡು ಕೈಯನ್ನೂ ಎತ್ತಿ ಇದನ್ನು ಅನುಮೋದಿಸಿದರು. ಅಕ್ಕ, ಅಮ್ಮನಿಗೆ ನಿನ್ನ ಮನೆಯಲ್ಲಿ ಸರಿಯಾಗಿ ಹಾಲು ತುಪ್ಪ ಹಾಕಿದ್ದರೆ ಮಂಡಿ ಹೀಗಾಗುತ್ತಿರಲಿಲ್ಲ ಎಂದಳು. ನಾನು, ಮೆಲ್ಬರ್ನಿನ ಹಸುಗಳಷ್ಟೇ ಹಾಲು ಕೊಡುವುದು ಎಂದು ಗೊತ್ತಿರಲಿಲ್ಲ ಎಂದೆ. ಹೀಗೆ ಮಾತಿಗೆ ಮಾತು ಬೆಳೆದು, ಹದಿನೈದು ವರ್ಷದ ಹಿಂದೆ ಅಮ್ಮನ ಮೆಂತ್ಯ ಬಣ್ಣದ ರೇಷ್ಮೆ ಸೀರೆ ಯಾರು ತೆಗೆದುಕೊಂಡು ಹೋದರು ಎನ್ನುವಲ್ಲಿಗೆ ಬಂದು ನಿಂತಿತು. ಅಷ್ಟರಲ್ಲಿ ಗಂಡಸರು ಇಬ್ಬರೂ ವಾಪಸ್ ಹೋಗುವುದೆಂದು ನಿಶ್ಚಯ ಮಾಡಿಯಾಗಿತ್ತು.

ಅಮ್ಮನಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಕೆರೆ ಕಾಣುವ ಮೊದಲೇ ಹಿಂದಿರುಗಿದರೆ ಅವಳ ಪಾಲಿಗೆ ಅದು ತಿರುಪತಿ ಬಸ್ಸೇ, ಇನ್ನು ಬದುಕಿರುವತನಕ ಎದುರುಮನೆಯ ಕೇದಾರ ಕೇಳಿಕೊಂಡು ಬಿದ್ದಿರಬೇಕು. ಇದು ನನಗೆ ಗೊತ್ತಿತ್ತು. ಆದರೆ ಆ ಮಂಡಿಯೂ ಕಣ್ಣ ಮುಂದೆ ಇತ್ತು. ಮಗಳು ಚಕ್ಕುಲಿ ಕೇಳಿಕೊಂಡು ಈಚೆ ಬಂದಳು. ಅವಳಿಗೆ, ಅಜ್ಜಿಗೆ ಹೋಗಿ ಹೇಳು, ಮಳೆ ಬರುತ್ತಂತೆ, ವಾಪಸ್ ಹೋಗೋಣವಂತೆ ಎಂದು ಹೇಳಿ ಕಳಿಸಿದೆ.

ಮಗಳು ಹೋದಳು, ತಕ್ಷಣ ಬಂದಳು. "ಅಜ್ಜಿ ಸೇಸ್ ಓಕೆ. ಶೀ ಈಸ್ ಕಮಿಂಗ್" ಎಂದಳು.

ನಮಗೆಲ್ಲ ಬೆಟ್ಟ ಇಳಿಸಿದಷ್ಟು ಹಗುರವಾಯಿತು. ನೋಡಿದಿರಾ, ಅತ್ತೆ ಎಷ್ಟು ತಿಳಿವಳಿಕೆಯವರು ಎಂದು ಭಾವ ಹೊಗಳಿದರು. ಪಾಪ, ಬೇಜಾರಾಗಿರುತ್ತದೆ, ಒಬ್ಬಳೇ ಸ್ವಲ್ಪ ಕೂರಲಿ, ತಾನಾಗಿ ಬರಲಿ ಎಂದು ಅಕ್ಕ ಅಂದಳು. ಅಂದು ನಾನು ಅಕ್ಕನ ಮಾತಿಗೆ ಒಪ್ಪಿದ್ದು ಅದೊಂದೇ ಸಲ. ಜಮಖಾನ ಹಾಸಿ ಪುಳಿಯೋಗರೆ ಡಬ್ಬಿ ತೆಗೆದೆವು. ತಿಂದೆವು. ಮೊಸರನ್ನಕ್ಕೆ ಬಂದೆವು. ಸೀರೆಯ ಪ್ರಕರಣ ಮತ್ತೆ ವಿಚಾರಣೆಗೆ ಬಂತು. ಮೋಡ ತನ್ನ ಪಾಡಿಗೆ ಚದುರಿ ಆಕಾಶ ತಿಳಿಯಾಯಿತು. ಕಾಫಿಯೂ ಮುಗಿಯಿತು. ಅಮ್ಮ ಬರಲಿಲ್ಲ.

ಭಾವ ಸೀಟಿ ಊದಿದರು. ಉತ್ತರವಿಲ್ಲ. ನಾನೂ ಅಕ್ಕನೂ ಎದ್ದು ಬಂಡೆ ಸುತ್ತಿ ಆಚೆ ಹೋದೆವು. ಬಂಡೆಯ ಬುಡದಲ್ಲಿ ಅಮ್ಮನ ಕೈಚೀಲವಿತ್ತು. ಅದರ ಮೇಲೆ, ಗಾಳಿಗೆ ಹಾರಬಾರದೆಂದು ಒಂದು ಕಲ್ಲನ್ನು ಜೋಪಾನವಾಗಿ ಇಡಲಾಗಿತ್ತು. ಅಮ್ಮನಿರಲಿಲ್ಲ. ಚೊಂಬೂ ಇರಲಿಲ್ಲ.

ಅಕ್ಕ ನನ್ನ ಕೈ ಹಿಡಿದಳು. ಮೆಂತ್ಯ ಬಣ್ಣದ ಸೀರೆ ಅಲ್ಲಿಗೆ ನಮ್ಮಿಬ್ಬರ ಬಾಳಿನಿಂದಲೇ ಹೊರಟುಹೋಯಿತು. ಇಂಗ್ಲಿಷ್ ಬಾರದ, ಸಕ್ಕರೆ ಕಾಯಿಲೆಯ ಹೆಂಗಸು, ಯಾವ ಕಡೆ ಹೋದಳೋ, ಎಲ್ಲಿ ಜಾರಿದಳೋ. ಭಾವ ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ನಿಂತಿದ್ದರು. ನನ್ನ ಗಂಡ ಮಾತ್ರ ಬರಿಗಾಲಲ್ಲಿ ಮಗಳ ಮುಂದೆ ಕೂತು, ಅಜ್ಜಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬೇಡ, ಅಜ್ಜಿ ಹೇಳಿದ ಹಾಗೇ ಕನ್ನಡದಲ್ಲಿ ಹೇಳು ಪುಟ್ಟಿ ಎಂದು ಕೇಳಿದರು.

ಮಗಳು ಎದೆ ಸೆಟೆಸಿ, ಅಜ್ಜಿಯ ದನಿಯನ್ನೇ ತೆಗೆದು, ಅಕ್ಷರ ಅಕ್ಷರವೂ ಒಪ್ಪಿಸಿದಳು. "ಹಾಗೋ. ಸರಿ ಹಾಗಾದ್ರೆ, ನಾನು ಬರ್ತೀನಿ ಅಂತ ಹೇಳು."

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೆಳಿಗ್ಗೆ ಬೆಳಿಗ್ಗೆ ಗೇಟಿನಿಂದ ವಾಪಸ್ ಕರೆಸಿಕೊಂಡು ಪಾಠ ಹೇಳಿಸಿಕೊಂಡ ನನ್ನ ಗಂಡನಿಗೇ ಮೊದಲು ಹೊಳೆದದ್ದು. "ಅಯ್ಯೋ ರಾಮಾ, ಬರ್ತಾ ಇಲ್ಲ ಕಣೇ. ಹೊರಟ್ರು" ಎಂದರು.

ಹೇಳುವಾಗ ಅಜ್ಜಿ ಯಾವ ಕಡೆ ಮುಖ ಮಾಡಿದ್ದಳು ಎಂದು ಮಗಳನ್ನು ಕೇಳಿದೆವು. ಮಗಳು ಬಲಗಡೆ ಕವಲಿನ ಕಡೆ ಕೈ ತೋರಿಸಿ, ಅಜ್ಜಿ ಯಾವಾಗಲೂ ಕಮಿಂಗ್ ಎಂದು ಹೇಳಿಯೇ ಹೋಗುತ್ತಾಳಲ್ಲ, ಅದರಲ್ಲಿ ನಂದೇನು ತಪ್ಪು ಎಂದು ಇಂಗ್ಲಿಷಿನಲ್ಲಿ ಜಗಳಕ್ಕೆ ನಿಂತಳು. ಅವಳ ತಪ್ಪು ಏನೂ ಇರಲಿಲ್ಲ. ಹೋಗುವವರು ಬರ್ತೀನಿ ಎನ್ನುವ ಜನ ನಾವು, ಕೂಸು ಏನು ಮಾಡೀತು?

ಓಡಿದೆವು. ಅಲ್ಲಿಂದ ಕೆರೆ ಕಾಣುವ ಜಾಗ ದೂರವಿರಲಿಲ್ಲ. ದಾರಿ ಒಂದು ದಿಣ್ಣೆ ಹತ್ತಿ ತಟ್ಟನೆ ಮುಗಿಯಿತು. ಕೆಳಗೆ, ಕಡಿದಾದ ಬಂಡೆಗೋಡೆಗಳ ಬುಡದಲ್ಲಿ, ಬೆಟ್ಟ ತನ್ನ ಮಡಿಲಲ್ಲಿ ಇಟ್ಟುಕೊಂಡ ಹಾಗೆ ಆ ಕೆರೆ ಇತ್ತು. ನೀಲಿ ಎಂದರೆ ಸಾಲದು, ಕಪ್ಪಿಗೆ ತಿರುಗಿದ ನೀಲಿ. ಬಂಡೆಯ ಸಂದಿಯಲ್ಲಿ ಹಿಮದ ದೊಡ್ಡ ತೇಪೆಯೊಂದು ಕೆರೆಯ ಕಡೆ ಇಳಿಬಿದ್ದಿತ್ತು. ನಾವು ಅದನ್ನು ನೋಡಿ ಆಹಾ ಎನ್ನುವ ಸ್ಥಿತಿಯಲ್ಲಿರಲಿಲ್ಲ. ನೀರಿನ ಅಂಚಿನಲ್ಲಿ ಒಂದು ಅರಿಶಿನ ಬಣ್ಣದ ಚುಕ್ಕಿ ಕಾಣಿಸಿತು. ಅಮ್ಮನ ಸೀರೆ. ಪಕ್ಕದಲ್ಲಿ ಇನ್ನೆರಡು ಚುಕ್ಕಿಗಳು. ಭಾವ ಸೀಟಿ ಊದಿದರು. ಅರಿಶಿನ ಚುಕ್ಕಿ ಕೈ ಬೀಸಿತು.

ಕೆಳಗಿಳಿಯುವ ಕಾಲುದಾರಿ ಬರೀ ಕಲ್ಲು, ಜಾರುವ ಮಣ್ಣು. ಇಳಿಯುತ್ತ ಇಳಿಯುತ್ತ ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು, ಕೆಳಗೆ ಮುಟ್ಟುವ ಹೊತ್ತಿಗೆ ಆ ಸಿಟ್ಟು ಅಳುವಾಯಿತು. ಅಮ್ಮ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತಿದ್ದಳು. ಅವಳ ಎರಡು ಪಕ್ಕದಲ್ಲಿ, ಮೈಗೆಲ್ಲ ಹಗ್ಗ ಕೊಂಡಿ ಕಟ್ಟಿಕೊಂಡ ಒಬ್ಬ ಗಡ್ಡದವನೂ ಒಬ್ಬ ಹುಡುಗಿಯೂ ಅಮ್ಮ ಸೆರಗಿನಲ್ಲಿ ಕಟ್ಟಿ ತಂದಿದ್ದ ಚಕ್ಕುಲಿ ತಿನ್ನುತ್ತ ಕೂತಿದ್ದರು. ಬಂಡೆ ಹತ್ತುವ ಜನ. ಅವರು ಗೋಡೆಯ ನಡುವೆ ನೇತಾಡುತ್ತಿದ್ದಾಗ ಅಮ್ಮ ಕೆಳಗಿನಿಂದ ನೋಡಿ, ಯಾರೋ ಪಾಪದವರನ್ನು ಕಟ್ಟಿಹಾಕಿದ್ದಾರೆ ಎಂದುಕೊಂಡು ಕೂಗಿ ಕೂಗಿ ಇಳಿಸಿಬಿಟ್ಟಿದ್ದಳಂತೆ. ಅವರು, ಕೆಳಗೆ ಯಾರೋ ಮುದುಕಿ ಅಪಾಯದಲ್ಲಿದ್ದಾಳೆ ಎಂದುಕೊಂಡು ಇಳಿದು ಬಂದಿದ್ದರು. ಹೀಗೆ ಎರಡು ಕಡೆಯವರೂ ಒಬ್ಬರನ್ನೊಬ್ಬರು ಕಾಪಾಡಿ, ಸಂತೋಷಕ್ಕೆ ಚಕ್ಕುಲಿ ಹಂಚಿಕೊಂಡಿದ್ದರು.

"ಹೇಳದೆ ಕೇಳದೆ ಹೀಗೆ ಬರೋದಾ ಅಮ್ಮ?" ಎಂದೆ.

"ಹೇಳದೆ ಬರೋಕೆ ನಾನೇನು ಸಂಸ್ಕಾರ ಇಲ್ಲದವಳೇನೇ? ಬರ್ತೀನಿ ಅಂತ ಮಗು ಕೈಲಿ ಹೇಳಿ ಕಳಿಸಲಿಲ್ವಾ?" ಎಂದಳು ಅಮ್ಮ.

ಅಮ್ಮ ತನ್ನ ಸಾಧನೆಗಳ ವರದಿ ಒಪ್ಪಿಸಿದಳು. ಹಿಮ ಮುಟ್ಟಿಯಾಯಿತು, ಆದರೆ ಮೇಲೆ ಧೂಳು ಕೂತು ಹಳೇ ಹತ್ತಿಯ ಹಾಗಿದೆ, ಅಂಥ ವಿಶೇಷವೇನಿಲ್ಲ. ಮೂರು ಮುಳುಗು ಹಾಕೋಣವೆಂದು ಒಂದು ಹೆಬ್ಬೆರಳು ಇಟ್ಟು ನೋಡಿದಳಂತೆ, ಮುಳುಗಿದರೆ ಮೇಲಕ್ಕೆ ಬರುವುದು ಹೆಣವೇ ಎಂದು ಗೊತ್ತಾಗಿ, ತಲೆಗೆ ಪ್ರೋಕ್ಷಣೆ ಮಾಡಿಕೊಂಡು ಮನಸ್ಸಿನಲ್ಲೇ ಮುಳುಗಿದ್ದಾಳೆ. ಚೊಂಬಿನ ನೀರನ್ನು ನಮ್ಮೆಲ್ಲರ ತಲೆಗೂ ಚಿಮುಕಿಸಿದಳು. ಗಡ್ಡದವನೂ ಕೇಳಿ ಚಿಮುಕಿಸಿಕೊಂಡ. ನನ್ನ ಗಂಡ ಒಂದು ಫೋಟೋ ತೆಗೆದರು. ಹಿಂದೆ ಕೆರೆ, ಮುಂದೆ ಅಮ್ಮ, ಚೊಂಬು, ಕ್ಯಾನ್ವಾಸ್ ಶೂ. ಎಲ್ಲ ಮುಗಿಯಿತು, ಹೊರಡೋಣ ಎಂದೆವು. ಅಮ್ಮ ಏಳಲು ಹೋದಳು. ಏಳಲಾಗಲಿಲ್ಲ.

ಮಂಡಿ ಎರಡೂ ಮುಷ್ಕರ ಹೂಡಿದ್ದವು. ಭಾವ ಪರೀಕ್ಷಿಸಿ, ಮೂಳೆಗೆ ಏನೂ ಆಗಿಲ್ಲ, ಇಳಿದ ಶ್ರಮಕ್ಕೆ ಊದಿಕೊಂಡಿದೆ, ಆದರೆ ಈ ಕಾಲಲ್ಲಿ ಇಷ್ಟು ದಾರಿ ಹತ್ತುವ ಮಾತಿಲ್ಲ ಎಂದರು. ಅಮ್ಮನ ಮುಖ ಸಣ್ಣಗಾಯಿತು. ಅವಳಿಗೆ ನೋವಿನ ಚಿಂತೆಯಲ್ಲ. ಹೊತ್ತುಕೊಂಡು ಹೋಗಬೇಕಾದೀತು ಎಂಬುದು ಅವಳಿಗೆ ಹೊಳೆದಿತ್ತು. ಹೊತ್ತುಕೊಂಡು ಹೋದರೆ ನಡೆದದ್ದರ ಲೆಕ್ಕ ಏನಾಗಬೇಕು?

ಆಗ ಭಾವ ಒಂದು ಕೆಲಸ ಮಾಡಿದರು. ಇಷ್ಟು ವರ್ಷ ಅವರ ಸೀಟಿಯನ್ನು ಗೇಲಿ ಮಾಡಿದ ನಾನು, ಅಂದಿನಿಂದ ಆ ಸೀಟಿಗೆ ಒಂದು ಮಾತೂ ಅಂದಿಲ್ಲ. ಅಮ್ಮನ ಮುಂದೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, "ಬನ್ನಿ ಅತ್ತೆ, ಉಪ್ಪುಮೂಟೆ" ಎಂದರು.

ಅಮ್ಮ ಅಳಿಯಂದಿರ ಎದುರು ಕಾಲು ಚಾಚಿ ಕೂತವಳಲ್ಲ. ಅವರ ತಟ್ಟೆಗೆ ಬಡಿಸುವಾಗಲೂ ಒಂದು ಮಾರು ದೂರ. ಈಗ ಆ ಅಳಿಯನ ಬೆನ್ನೇ ಹತ್ತಬೇಕು. ಕೃಷ್ಣ ಕೃಷ್ಣ ಎಂದು ಸೆರಗನ್ನು ತಲೆಯಿಂದ ಮೂಗಿನವರೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ನಾವು ಎತ್ತಿ ಕೂರಿಸಿದ ಹಾಗೆ ಕೂತಳು. ಎದ್ದು ನಿಂತ ಭಾವ ಬೆನ್ನ ಭಾರ ಸರಿಮಾಡಿಕೊಂಡು, ಅಕ್ಕನ ಕಡೆ ತಿರುಗಿ, "ಅತ್ತೆ ಇಳಿದುಹೋಗಿದ್ದಾರೆ ಅಂತ ನಿನ್ನೆ ಹೇಳಿದ್ದು ಯಾರು?" ಎಂದು ಕೇಳಿದರು. ನನಗೆ ಆದ ಆನಂದ ಹೇಳತೀರದು.

ಮೆರವಣಿಗೆ ವಾಪಸ್ ಹೊರಟಿತು. ಒಂದಷ್ಟು ದೂರ ಭಾವ, ಒಂದಷ್ಟು ದೂರ ನನ್ನ ಗಂಡ. ಅವರು ಬೂಟಿಗಿಂತ ಅತ್ತೆಯೇ ಹಗುರ ಎಂದು ಹೇಳಿಕೊಂಡು ಹೊತ್ತರು. ಕಡಿದಾದ ಕಡೆ ಗಡ್ಡದವನು ಹಿಂದಿನಿಂದ ಕೈ ಕೊಟ್ಟ. ಹೆಗಲು ಕೊಡಲೇ ಎಂದೂ ಕೇಳಿದ, ಅಮ್ಮ ಒಪ್ಪಲಿಲ್ಲ. ಅಳಿಯನಾದರೆ ಮಗನ ಸಮಾನ, ಪರಗಂಡಸಿನ ಬೆನ್ನೇರಿದರೆ ಮೈಸೂರಿನಲ್ಲಿ ತಲೆ ಎತ್ತುವ ಹಾಗಿಲ್ಲ. ದಾರಿಯಲ್ಲಿ ಎದುರಾದ ಒಬ್ಬ ಹೆಂಗಸು ಗಾಬರಿಯಾಗಿ, ನಿಮಗೆ ಹುಷಾರಿದೆಯೇ ಎಂದು ಕೇಳಿದಾಗ ಅಮ್ಮ ಭಾವನ ಬೆನ್ನ ಮೇಲಿಂದಲೇ, ಸೆರಗಿನ ಒಳಗಿಂದ, ತನಗೆ ಬರುತ್ತಿದ್ದ ನಾಲ್ಕು ಮಾತಿನ ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದಳು: "ವಾಕಿಂಗ್. ಐ ಆಮ್ ವಾಕಿಂಗ್."

ಮಗಳು ಮುಂದೆ ಕುಣಿಯುತ್ತ "ಉಪ್ಪುಮೂಟೆ, ಉಪ್ಪುಮೂಟೆ" ಎಂದು ಹಾಡು ಕಟ್ಟಿಕೊಂಡು ಹೋದಳು. ಅವಳು ಹುಟ್ಟಿದ ಮೇಲೆ ತಾನಾಗಿ ಇಷ್ಟಪಟ್ಟು ಆಡಿದ ಮೊದಲ ಕನ್ನಡ ಮಾತು ಅದೇ.

ಕೊನೆಯ ಏರಿಗೆ ಮೊದಲು, ನದಿಯ ದಡದಲ್ಲಿ, ಅಮ್ಮ ಎಲ್ಲರನ್ನೂ ನಿಲ್ಲಿಸಿದಳು. ಚೊಂಬಿನಲ್ಲಿ ಉಳಿದ ನೀರಿನ ಮೇಲೆ ಎಲ್ಲರಿಂದಲೂ ಆಣೆ ಹಾಕಿಸಿಕೊಂಡಳು. "ಹೋಗಿದ್ದು ನಡ್ಕೊಂಡೇ ತಾನೆ? ಅಷ್ಟು ಸತ್ಯ. ಬಂದಿದ್ದು ಹೆಂಗೆ ಅಂತ ಯಾರೂ ಉಸಿರೆತ್ತಬಾರದು" ಎಂದಳು. ಅಳಿಯಂದಿರು ಉಸಿರೆತ್ತುವ ಸ್ಥಿತಿಯಲ್ಲೇ ಇರಲಿಲ್ಲ.

ಮಾರನೆಯ ದಿನ ಅಕ್ಕನ ಕಾರು ಮೆಲ್ಬರ್ನಿನ ಕಡೆಗೂ ನಮ್ಮದು ಸಿಡ್ನಿಯ ಕಡೆಗೂ ಹೊರಟವು. ಅಮ್ಮ ಕಿಟಕಿಯಿಂದ ಕೈ ಚಾಚಿ "ಬರ್ತೀನಿ ಮಗು" ಎಂದಾಗ ಮಗಳು ಬಹಳ ಅನುಮಾನದಿಂದ ಅಜ್ಜಿಯ ಮುಖ ನೋಡಿದಳು. ಆಮೇಲೆ ಬಗ್ಗಿ, ಕಾರಿನ ಚಕ್ರ ಯಾವ ಕಡೆ ತಿರುಗಿದೆ ಎಂದೂ ನೋಡಿದಳು.

ಮುಂದೆ ನಾವು ಮೈಸೂರಿಗೆ ಹೋದಾಗ ದೊಡ್ಡಮ್ಮನ ಮನೆಯಲ್ಲಿ ಏನೋ ಪೂಜೆ, ನಡುಮನೆ ತುಂಬ ಹೆಂಗಸರು. ಆ ಕೆರೆಯ ಫೋಟೋ ಕೈಯಿಂದ ಕೈಗೆ ಓಡಾಡುತ್ತಿತ್ತು. ಅಮ್ಮ ಅದನ್ನು ಎಷ್ಟು ಜನಕ್ಕೆ ತೋರಿಸಿದ್ದಳೋ, ಅಂಚುಗಳೆಲ್ಲ ಮೆತ್ತಗಾಗಿದ್ದವು. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದರು. ಹಿಮ ನೋಡಿದರು, ಬಂಡೆ ನೋಡಿದರು, ಕ್ಯಾನ್ವಾಸ್ ಶೂ ನೋಡಿದರು.

"ನಡ್ಕೊಂಡೇ ಹೋದ್ಯಾ?" ಎಂದು ಕೇಳಿದರು.

"ನಡ್ಕೊಂಡೇ ಹೋದೆ ಅಕ್ಕ. ಕುದುರೆ ಗಿದುರೆ ಏನೂ ಇಲ್ಲ" ಎಂದಳು ಅಮ್ಮ. ಎಷ್ಟೋ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡು ಕಾದಿದ್ದ ಮಾತು. ನಡುಮನೆಯ ಹೆಂಗಸರೆಲ್ಲ ದೊಡ್ಡಮ್ಮನ ಕಡೆ ತಿರುಗಿದರು.

ಅಷ್ಟರಲ್ಲಿ, ಅಮ್ಮನ ತೊಡೆಗೆ ಒರಗಿ ಕೂತಿದ್ದ ನನ್ನ ಮಗಳು, ಊರಿಗೆ ಬಂದಾಗಿನಿಂದ ಒಂದು ಕನ್ನಡ ಶಬ್ದವನ್ನೂ ಆಡದೆ ಎಲ್ಲರಿಂದ ಬೈಸಿಕೊಂಡವಳು, ಇದ್ದಕ್ಕಿದ್ದಂತೆ ಎದ್ದು ನಿಂತು, ಸ್ಪಷ್ಟ ಕನ್ನಡದಲ್ಲಿ, "ಬರೋವಾಗ ಅಜ್ಜಿ ಉಪ್ಪು..." ಎಂದು ಶುರುಮಾಡಿದಳು.

ಅಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಎದ್ದು ಹೋಗಿ ಬಾಯಿ ಮುಚ್ಚಬೇಕು ಎನ್ನುವಷ್ಟರಲ್ಲಿ ದೊಡ್ಡಮ್ಮನೇ ಮುಂದೆ ಬಾಗಿ ಮಗುವಿನ ಕೈಯನ್ನು ಗಬಕ್ಕನೆ ಹಿಡಿದುಕೊಂಡರು. ಆ ವಯಸ್ಸಿನಲ್ಲಿ ಅವರು ಅಷ್ಟು ಚುರುಕಾಗಿ ಅಲ್ಲಾಡಿದ್ದನ್ನು ಯಾರೂ ನೋಡಿರಲಿಲ್ಲ.

"ಬರೋವಾಗಿಂದು ಯಾರಿಗೆ ಬೇಕು ಕಂದಾ?" ಎಂದರು ದೊಡ್ಡಮ್ಮ. "ಅಂಥ ಜಾಗದಿಂದ ಎಲ್ಲರೂ ಹೆಂಗೋ ಒಂದು ಥರ ಬರ್ತಾರೆ. ಹೋಗಿದ್ದು ಹೆಂಗೆ ಅನ್ನೋದೇ ಮಾತು."

ಅಮ್ಮ ಕಣ್ಣು ಬಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು, ಕನ್ನಡಕ ಒರೆಸಿದರು, ಅಮ್ಮನ ಕಣ್ಣು ತಪ್ಪಿಸಿ ಕಿಟಕಿಯ ಆಚೆ ನೋಡಿದರು.

"ಹೌದು ಅಕ್ಕ," ಎಂದಳು ಅಮ್ಮ, ನಾನು ಅವಳಿಂದ ಎಂದೂ ಕೇಳಿರದಷ್ಟು ಮೆತ್ತನೆಯ ದನಿಯಲ್ಲಿ. "ನಾವಿಬ್ರೂ ನಡ್ಕೊಂಡೇ ಹೋದ್ವಿ."

ದೊಡ್ಡಮ್ಮ ಒಳಗಿನಿಂದ ಕೋಡುಬಳೆಯ ಡಬ್ಬಿ ತರಿಸಿ, ನನ್ನ ಮಗಳ ಬಾಯಿ ತುಂಬುವವರೆಗೂ ಒಂದಾದ ಮೇಲೆ ಒಂದು ಕೊಡುತ್ತ ಕೂತರು.